ಹಿತ್ತಲ ಹುಂಜ: ಆರಿಸುವುದು, ಸಾಕುವುದು, ಹದ್ದುಬಸ್ತಿನಲ್ಲಿ ಇಡುವುದು

ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕೋಣ ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಹುಂಜ ಬೇಕಾ, ಬೇಡವಾ? ಮೊಟ್ಟೆ ಸಿಕ್ಕರೆ ಸಾಕು ಅನ್ನುವವರಿಗೆ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ, ರುಚಿಯೂ ಅದೇ. ಕಾವಿಗೆ ಇಟ್ಟರೆ ಮರಿಯಾಗುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾಸನದ ಬಡಾವಣೆಯಲ್ಲೋ ಚಿಕ್ಕಮಗಳೂರು ಪೇಟೆಯಲ್ಲೋ ಗೋಡೆಗೆ ಗೋಡೆ ಅಂಟಿದ ಮನೆ ಇದ್ದರೆ ಮೂರು ಹೇಂಟೆ ಸಾಕಿಕೊಂಡು ನೆಮ್ಮದಿಯಾಗಿರಿ.

ಮರಿ ಮಾಡಿಸಬೇಕು ಅಂದರೆ ಮಾತ್ರ ಹುಂಜ ಬೇಕೇ ಬೇಕು. ಆಗ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಹೇಂಟೆ ಕೆಟ್ಟದ್ದಾದರೆ ಅದರ ಮರಿಗಳಷ್ಟೇ ಹಾಳು. ಹುಂಜ ಕೆಟ್ಟದ್ದಾದರೆ ಆ ವರ್ಷ ನಿಮ್ಮ ಹಿತ್ತಲಲ್ಲಿ ಹುಟ್ಟಿದ ಪ್ರತಿ ಮರಿಯಲ್ಲೂ ಅದರ ಅರ್ಧ ರಕ್ತ ಇರುತ್ತದೆ. ಆದರೂ ನಾವು ಹೇಂಟೆಯನ್ನು ನೋಡಿ ನೋಡಿ ತರುತ್ತೇವೆ, ಹುಂಜ ಮಾತ್ರ ಸಂತೆಯಲ್ಲಿ ಯಾವುದು ಚೆಂದ ಕಂಡಿತೋ ಅದು. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲೂ ಮೊದಲು ಹಾಗೇ ಆಗಿದ್ದು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ಎಷ್ಟು ಹೇಂಟೆಗೆ ಎಷ್ಟು ಹುಂಜ

ಎಂಟರಿಂದ ಹತ್ತು ನಾಟಿ ಹೇಂಟೆಗೆ ಒಂದು ಹುಂಜ. ಗಿರಿರಾಜದಂಥ ಭಾರದ ತಳಿಯ ಹುಂಜವಾದರೆ ಆರೇಳು ಹೇಂಟೆ ಸಾಕು. ಐದು ಹೇಂಟೆ ಇರುವ ಮನೆಯಲ್ಲಿ ಎರಡು ಹುಂಜ ಇಡಬೇಡಿ, "ಒಂದಕ್ಕೆ ಏನಾದರೂ ಆದರೆ ಇನ್ನೊಂದು ಇರಲಿ" ಅಂತ ಎಲ್ಲರೂ ಇಡುತ್ತಾರೆ, ನಾನೂ ಇಟ್ಟಿದ್ದೆ.

ಆಗಿದ್ದು ಹೀಗೆ. ನಮ್ಮ ಬೂದು ಬಣ್ಣದ ಹೇಂಟೆ ಎರಡು ದಿನದಿಂದ ಕಾಫಿ ಗಿಡದ ಬುಡದಲ್ಲೇ ಕೂತಿರುತ್ತಿತ್ತು. ಕಾವಿಗೆ ಬಂದಿದೆ ಅಂದುಕೊಂಡು ಸುಮ್ನೆ ಬಿಟ್ಟೆ. ಮೂರನೇ ದಿನ ಅದರ ಸುತ್ತ ನೊಣ ಹಾರುವುದು ಕಂಡು ಎತ್ತಿ ನೋಡಿದರೆ, ಬೆನ್ನಿನ ಮೇಲೆ ಪುಕ್ಕವೇ ಇರಲಿಲ್ಲ. ರೆಕ್ಕೆ ಎತ್ತಿದೆ. ಪಕ್ಕೆಯಲ್ಲಿ ಎರಡು ಇಂಚು ಉದ್ದಕ್ಕೆ ಚರ್ಮ ಬಾಯಿ ಬಿಟ್ಟಿತ್ತು, ಬ್ಲೇಡಿನಿಂದ ಗೀರಿದ ಹಾಗೆ. ಎರಡೂ ಹುಂಜಗಳು ಕೂಡಲು ಬೆನ್ನೇರಿ ಸರದಿಯ ಮೇಲೆ ಅದನ್ನೇ ಮೆಟ್ಟಿ ಮೆಟ್ಟಿ, ಹುಂಜದ ಕಾಲಿನ ಹಿಂಬದಿಯ ಕಾಲುಮುಳ್ಳು ಪಕ್ಕೆಯನ್ನು ಸೀಳಿತ್ತು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಅರಿಶಿನ ಹಚ್ಚಿ, ನೊಣ ಕೂರದ ಹಾಗೆ ಮಂಕರಿ ಒಳಗೆ ಬಟ್ಟೆ ಮುಚ್ಚಿ ಹನ್ನೆರಡು ದಿನ ಇಟ್ಟೆ. ಬದುಕಿತು. ಆದರೆ ಹುಂಜ ಹತ್ತಿರ ಬಂದರೆ ಇವತ್ತಿಗೂ ನೆಲಕ್ಕೆ ಅಂಟಿಕೊಂಡು ನಡುಗುತ್ತದೆ.

ಹಾಗಾಗಿ ವಾರಕ್ಕೊಮ್ಮೆ, ಕತ್ತಲಾದ ಮೇಲೆ ಗೂಡಿನಲ್ಲಿ ಕೂತಾಗ, ಪ್ರತಿ ಹೇಂಟೆಯ ಬೆನ್ನು, ತಲೆಯ ಹಿಂಭಾಗ, ರೆಕ್ಕೆಯ ಕೆಳಗೆ ಕೈ ಆಡಿಸಿ. ನಾಲ್ಕೈದು ಪುಕ್ಕ ಮುರಿದಿದ್ದರೆ ಅದು ಮಾಮೂಲಿ. ಚರ್ಮ ಕಾಣುತ್ತಿದ್ದರೆ ಆ ಹೇಂಟೆಯನ್ನು ಎರಡು ಮೂರು ವಾರ ಬೇರೆ ಇಡಿ. ಪುಕ್ಕ ಬರುವ ತನಕ ಹುಂಜದ ಕಣ್ಣಿಗೆ ಬೀಳಬಾರದು.

ಆರಿಸುವುದು ಹೇಗೆ

ಮನೆಯಲ್ಲೇ ಹುಟ್ಟಿದ ಮರಿಗಳಲ್ಲಿ ಹುಂಜ ಯಾವುದು ಅಂತ ಆರರಿಂದ ಎಂಟು ವಾರಕ್ಕೆ ಗೊತ್ತಾಗಲು ಶುರುವಾಗುತ್ತದೆ. ಜುಟ್ಟು ಬೇಗ ಕೆಂಪಾಗಿ ಏಳುತ್ತದೆ, ಕಾಲು ದಪ್ಪ ಇರುತ್ತದೆ. ಅನುಮಾನ ಇದ್ದರೆ ಮೂರು ತಿಂಗಳ ತನಕ ಕಾಯಿರಿ. ಬಾಲದ ಬುಡದಲ್ಲಿ, ಸೊಂಟದ ಮೇಲೆ ಬರುವ ಪುಕ್ಕದ ತುದಿ ಹುಂಜಕ್ಕೆ ಚೂಪಾಗಿ ಸೂಜಿಯ ಹಾಗೆ ಇರುತ್ತದೆ, ಹೇಂಟೆಗೆ ಉರುಟಾಗಿರುತ್ತದೆ. ಇದು ತಪ್ಪುವುದು ಕಡಿಮೆ.

ಈಗಲೇ "ಇದೇ ನಮ್ಮ ಹುಂಜ" ಅಂತ ತೀರ್ಮಾನ ಮಾಡಬೇಡಿ. ಐದಾರು ತಿಂಗಳ ತನಕ ಎರಡು ಮೂರನ್ನು ಉಳಿಸಿಕೊಂಡು ನೋಡಿ. ಮೊದಲು ಬೆಳೆದು ಮೊದಲು ಕೂಗಿದ್ದೇ ಒಳ್ಳೆಯದು ಅಂತೇನಿಲ್ಲ. ಎಷ್ಟೋ ಸಲ ಎಲ್ಲರಿಗಿಂತ ಮುಂಚೆ ಎದೆ ಉಬ್ಬಿಸಿದ್ದೇ ಆಮೇಲೆ ಮನುಷ್ಯರ ಮೇಲೆ ಹಾರುವುದು.

ನಾನು ನೋಡುವುದು ಇಷ್ಟು. ಎರಡೂ ಕಾಲು ನೇರ ಇರಬೇಕು, ಬೆರಳು ಸೊಟ್ಟ ಇರಬಾರದು. ಕೊಕ್ಕು ಮೇಲೆ ಕೆಳಗೆ ಸರಿಯಾಗಿ ಕೂಡಬೇಕು. ಕಣ್ಣು ಹೊಳೆಯಬೇಕು, ಮೂಗಿನಲ್ಲಿ ನೀರು ಇರಬಾರದು. ಎತ್ತಿ ಹಿಡಿದಾಗ ಎದೆಮೂಳೆಯ ಎರಡೂ ಕಡೆ ಮಾಂಸ ಕೈಗೆ ಸಿಗಬೇಕು. ಇದೆಲ್ಲ ಎರಡು ನಿಮಿಷದ ಕೆಲಸ. ಅದಕ್ಕಿಂತ ಮುಖ್ಯವಾದದ್ದು ನಡತೆ, ಅದನ್ನು ಸಂತೆಯಲ್ಲಿ ಕಾಲು ಕಟ್ಟಿ ಮಲಗಿಸಿದ ಹುಂಜದಲ್ಲಿ ನೋಡಲು ಆಗುವುದಿಲ್ಲ. ಆದ್ದರಿಂದ ಆದಷ್ಟೂ ಯಾರದ್ದಾದರೂ ಹಿತ್ತಲಿಗೇ ಹೋಗಿ, ಸಂಜೆ ಕಾಳು ಹಾಕುವ ಹೊತ್ತಿಗೆ ನಿಂತು ನೋಡಿ.

ಒಂದು ಹಿಡಿ ರಾಗಿ ಎರಚಿ. ಒಳ್ಳೆಯ ಹುಂಜ ತಕ್ಷಣ ತಿನ್ನುವುದಿಲ್ಲ. ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಮತ್ತೆ ಎತ್ತಿ, "ಕೊಕ್ ಕೊಕ್ ಕೊಕ್" ಅಂತ ಸಣ್ಣ ದನಿಯಲ್ಲಿ ಹೇಂಟೆಗಳನ್ನು ಕರೆಯುತ್ತದೆ. ಹೇಂಟೆಗಳು ಬಂದು ತಿನ್ನುತ್ತಿರುವಾಗ ಅದು ತಲೆ ಓರೆ ಮಾಡಿ ಒಂದು ಕಣ್ಣು ಆಕಾಶಕ್ಕೆ ಇಟ್ಟು ನಿಂತಿರುತ್ತದೆ. ಗಿಡುಗದ ನೆರಳು ಬಿದ್ದರೆ ಒಂದು ಥರ ಕೂಗು, ನಾಯಿಯೋ ಮುಂಗುಸಿಯೋ ಬಂದರೆ ಬೇರೆ ಥರ ಕೂಗು. ಮೊದಲನೆಯದಕ್ಕೆ ಹೇಂಟೆಗಳು ಪೊದೆ ಸೇರುತ್ತವೆ, ಎರಡನೆಯದಕ್ಕೆ ಕತ್ತು ಎತ್ತಿ ನಿಲ್ಲುತ್ತವೆ. ತೋಟದ ಅಂಚಿನಲ್ಲಿ ಕೋಳಿ ಬಿಡುವ ನಮ್ಮಂಥವರಿಗೆ ಹುಂಜದಿಂದ ಆಗುವ ದೊಡ್ಡ ಉಪಕಾರ ಇದು. ಬಣ್ಣ, ಬಾಲದ ಉದ್ದ ಎಲ್ಲ ಆಮೇಲೆ.

ತಳಿಯ ವಿಷಯ ಒಂದೇ ಮಾತು. ಗಿರಿರಾಜ, ಸ್ವರ್ಣಧಾರ ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಒಳ್ಳೆಯ ಕೋಳಿಗಳು. ಬೇಗ ತೂಕ ಬರುತ್ತದೆ, ಮೊಟ್ಟೆ ಜಾಸ್ತಿ. ಆದರೆ ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ನಾಟಿ ಹೇಂಟೆಗೆ ಗಿರಿರಾಜ ಹುಂಜ ಬಿಟ್ಟರೆ ಮರಿ ದಪ್ಪ ಬರುತ್ತದೆ ನಿಜ, ಆದರೆ ಆ ಹೆಣ್ಣುಮರಿಗಳು ಮುಂದೆ ಕಾವು ಕೂರುತ್ತವೆ ಅಂತ ನಂಬುವ ಹಾಗಿಲ್ಲ. ಮಾಂಸಕ್ಕೆ ಸಾಕುವವರು ಬೇಕಾದರೆ ಗಿರಿರಾಜ ಹುಂಜ ಬಿಡಲಿ. ವರ್ಷಾನುವರ್ಷ ಹೇಂಟೆಯ ಕೆಳಗೇ ಮರಿ ಮಾಡಿಸುವವರು ನಾಟಿ ಹುಂಜವನ್ನೇ ಇಟ್ಟುಕೊಳ್ಳಿ.

ಮನೆಗೆ ತಂದ ಮೇಲೆ

ಹೊರಗಿನಿಂದ ತಂದ ಹುಂಜವನ್ನು ಅವತ್ತೇ ಹಿಂಡಿಗೆ ಬಿಡಬೇಡಿ. ಕನಿಷ್ಠ ಹದಿನೈದು ದಿನ, ಆಗುವುದಾದರೆ ಮೂರು ವಾರ ಬೇರೆ ಕಡೆ ಇಡಿ. ಮೊದಲು ನಿಮ್ಮ ಕೋಳಿಗಳಿಗೆ ಮೇವು ನೀರು ಕೊಟ್ಟು ಆಮೇಲೆ ಇದರ ಹತ್ತಿರ ಹೋಗಿ, ಚಪ್ಪಲಿಯಲ್ಲೇ ರೋಗ ದಾಟುತ್ತದೆ. ಆ ದಿನಗಳಲ್ಲಿ ಹಿಕ್ಕೆ ನೋಡಿ, ಗೊರಗೊರ ಉಸಿರಿದೆಯಾ ಕೇಳಿ, ರೆಕ್ಕೆಯ ಕೆಳಗೆ ಮತ್ತು ಗುದದ ಸುತ್ತ ಪುಕ್ಕ ಬಿಡಿಸಿ ಹೇನು ಇದೆಯಾ ನೋಡಿ. ಬೂದಿ ಮತ್ತು ಒಣ ಮಣ್ಣು ಬೆರೆಸಿ ಒಂದು ಗುಂಡಿಯಲ್ಲಿ ಹಾಕಿಟ್ಟರೆ ಅದೇ ಹೊರಳಾಡಿ ಅರ್ಧ ಹೇನು ಕಳೆದುಕೊಳ್ಳುತ್ತದೆ.

ಆಮೇಲೆ ಒಂದು ವಾರ ನಡುವೆ ಜಾಲರಿ ಇಟ್ಟು ಹೇಂಟೆಗಳಿಗೂ ಅದಕ್ಕೂ ಮುಖ ಪರಿಚಯ ಮಾಡಿಸಿ. ಕೊನೆಗೆ ಕತ್ತಲಾದ ಮೇಲೆ ಗೂಡಿನ ಅಡ್ಡಗೋಲಿನ ಮೇಲೆ ಕೂರಿಸಿ. ಬೆಳಿಗ್ಗೆ ಒಟ್ಟಿಗೆ ಇಳಿದರೆ ಜಗಳ ಕಡಿಮೆ.

ಹಳೆಯ ಹುಂಜ ತೆಗೆದು ಹೊಸದು ಬಿಟ್ಟವರು ಇನ್ನೊಂದು ಲೆಕ್ಕ ನೆನಪಿಡಿ. ಹೇಂಟೆಯ ಹೊಟ್ಟೆಯಲ್ಲಿ ಹಳೆಯ ಹುಂಜದ ಬೀಜ ಎರಡು ವಾರ, ಕೆಲವೊಮ್ಮೆ ಮೂರು ವಾರದ ತನಕ ಉಳಿದಿರುತ್ತದೆ. ಹೊಸ ಹುಂಜದ ಮರಿಯೇ ಬೇಕು ಅಂದರೆ ಮೂರು ವಾರ ಆದ ಮೇಲಿನ ಮೊಟ್ಟೆಯನ್ನು ಮಾತ್ರ ಕಾವಿಗೆ ಇಡಿ. ಅದಕ್ಕೆ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ದಿನಾಂಕ ಬರೆಯುವ ಅಭ್ಯಾಸ ಒಳ್ಳೆಯದು. ವಾರಕ್ಕಿಂತ ಹಳೆಯ ಮೊಟ್ಟೆ ಕಾವಿಗೆ ಬೇಡ, ಫ್ರಿಜ್ಜಿನಲ್ಲಿಟ್ಟದ್ದಂತೂ ಬೇಡವೇ ಬೇಡ.

ಕಾವಿಗಿಟ್ಟ ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಜೇಡನ ಬಲೆಯ ಹಾಗೆ ಕೆಂಪು ನರ ಹರಡಿದ್ದರೆ ಮರಿ ಇದೆ. ತಿಳಿಯಾಗಿ ಹೊಳೆದರೆ ಇಲ್ಲ. ಹತ್ತರಲ್ಲಿ ಒಂದೆರಡು ಹಾಗಾದರೆ ಚಿಂತೆ ಇಲ್ಲ. ಐದಾರು ಹಾಗಾದರೆ ಹೇಂಟೆಯನ್ನು ಬೈಯುವ ಮೊದಲು ಹುಂಜವನ್ನು ಎತ್ತಿ ನೋಡಿ. ಕಾಲು ನೋವಾ, ತೀರಾ ಕೊಬ್ಬಿದೆಯಾ, ವಯಸ್ಸಾಯಿತಾ, ಗುದದ ಸುತ್ತ ಪುಕ್ಕ ದಟ್ಟವಾಗಿ ಬೆಳೆದಿದೆಯಾ. ಪುಕ್ಕ ಕತ್ತರಿಸಿದ್ದಕ್ಕೇ ಮುಂದಿನ ಕಾವು ಸರಿಹೋಗಿದ್ದನ್ನು ನಾನೇ ನೋಡಿದ್ದೇನೆ.

ಮೇವು, ಗೂಡು, ಮಳೆಗಾಲ

ಬೆಳೆದ ಹುಂಜಕ್ಕೆ ದಿನಕ್ಕೆ ನೂರು ನೂರಿಪ್ಪತ್ತು ಗ್ರಾಂ ಮೇವು ಬೇಕು. ತೋಟದಲ್ಲಿ ಕೆದಕಿ ತಿನ್ನುವುದಾದರೆ ಸಂಜೆ ಅದರ ಅರ್ಧ ಕೊಟ್ಟರೂ ನಡೆಯುತ್ತದೆ. ರಾಗಿ, ಅಕ್ಕಿ ನುಚ್ಚು, ತೌಡು, ಒಡೆದ ಮುಸುಕಿನ ಜೋಳ, ಏನಿದ್ದರೆ ಅದು. ಆದರೆ ಒಳ್ಳೆಯ ಹುಂಜ ಹೇಂಟೆಗಳಿಗೆ ಬಿಟ್ಟುಕೊಟ್ಟು ತಾನೇ ಸೊರಗುತ್ತದೆ. ತಿಂಗಳಿಗೊಮ್ಮೆ ಎದೆಮೂಳೆ ಮುಟ್ಟಿ ನೋಡಿ, ಚಾಕುವಿನ ಹಾಗೆ ಕೈಗೆ ಸಿಕ್ಕರೆ ಕೆಲವು ದಿನ ಬುಟ್ಟಿ ಮುಚ್ಚಿ ಒಂಟಿಯಾಗಿ ತಿನ್ನಿಸಿ.

ಅಂಗಡಿಯಿಂದ ಮೊಟ್ಟೆ ಕೋಳಿಯ ಮೇವು ತರುವವರು ಗಮನಿಸಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ ಹಾಕಿರುತ್ತಾರೆ, ಮೊಟ್ಟೆ ಚಿಪ್ಪಿಗೆ ಬೇಕಲ್ವಾ. ಹುಂಜಕ್ಕೆ, ಅದರಲ್ಲೂ ಬೆಳೆಯುವ ಹುಂಜಮರಿಗೆ, ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಮೂತ್ರಪಿಂಡ ಕೆಡುತ್ತದೆ. ಎಲ್ಲಕ್ಕೂ ಸಾಮಾನ್ಯ ಮೇವು ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ.

ಗೂಡಿನ ಅಡ್ಡಗೋಲು ಎರಡು ಎರಡೂವರೆ ಅಡಿಗಿಂತ ಎತ್ತರ ಬೇಡ. ಭಾರದ ಹುಂಜ ಎತ್ತರದಿಂದ ದಿನಾ ಧುಮುಕಿದರೆ ಪಾದದ ಅಡಿ ಬಾವು ಬಂದು ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ, ಆಮೇಲೆ ಅದು ಮೆಟ್ಟುವುದೂ ಇಲ್ಲ, ಓಡುವುದೂ ಇಲ್ಲ. ಎರಡು ಇಂಚು ದಪ್ಪದ ಸಿಲ್ವರ್ ಓಕ್ ಕೊಂಬೆ ಆದರೆ ಕಾಲಿಗೆ ಹದವಾಗಿರುತ್ತದೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಮಳೆಗಾಲವೇ ಪರೀಕ್ಷೆ. ಜೂನ್ ಶುರುವಾದ ಮೇಲೆ ನೆಲ ಒಣಗುವುದೇ ಇಲ್ಲ. ಗೂಡಿನ ನೆಲಕ್ಕೆ ಭತ್ತದ ಹೊಟ್ಟೋ ಮರದ ಹೊಟ್ಟೋ ನಾಲ್ಕು ಇಂಚು ಹಾಕಿ, ಒದ್ದೆಯಾದ ಜಾಗವನ್ನು ಅವತ್ತೇ ಬಾಚಿ ತೆಗೆಯಿರಿ. ಕೈಯಲ್ಲಿ ಹಿಡಿದು ಹಿಂಡಿದಾಗ ಉಂಡೆ ಕಟ್ಟಿದರೆ ಬದಲಾಯಿಸುವ ಹೊತ್ತು ಬಂತು ಅಂತ ಅರ್ಥ. ಒದ್ದೆ ಹೊಟ್ಟಿನಲ್ಲೇ ಮರಿಗಳಿಗೆ ರಕ್ತಭೇದಿ ಹತ್ತುವುದು. ಮುಂಗಾರಿಗೆ ಮುಂಚೆ ಕಾಫಿಗೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಹೊಡೆಯುತ್ತೇವಲ್ಲ, ಅವತ್ತು ಮತ್ತು ಮಾರನೇ ದಿನ ಕೋಳಿಗಳನ್ನು ತೋಟಕ್ಕೆ ಬಿಡಬೇಡಿ. ಹುಳದ ಔಷಧಿ ಹೊಡೆದರೆ ಇನ್ನೂ ಜಾಸ್ತಿ ದಿನ.

ಕಾಲುಮುಳ್ಳು

ಎರಡನೇ ವರ್ಷಕ್ಕೆ ಮುಳ್ಳು ಉದ್ದ ಬಂದು ಚೂಪಾಗುತ್ತದೆ. ಅದನ್ನು ಬುಡಕ್ಕೆ ಕತ್ತರಿಸಬೇಡಿ. ಹೊರಗೆ ಉಗುರಿನಂಥ ಕವಚ, ಒಳಗೆ ಎಲುಬು ಮತ್ತು ರಕ್ತ. ರಾತ್ರಿ ಗೂಡಿನಿಂದ ಎತ್ತಿ, ತಲೆಯ ಮೇಲೆ ಬಟ್ಟೆ ಹಾಕಿದರೆ ಸುಮ್ಮನಾಗುತ್ತದೆ. ಒಬ್ಬರು ಕಂಕುಳಲ್ಲಿ ಹಿಡಿಯಲಿ, ಇನ್ನೊಬ್ಬರು ತುದಿಯ ಕಾಲು ಇಂಚನ್ನು ಮಾತ್ರ ನಾಯಿ ಉಗುರಿನ ಕಟ್ಟರಿನಿಂದ ತೆಗೆದು, ಅರದಿಂದ ಉಜ್ಜಿ ಮೊಂಡು ಮಾಡಿ. ಒಂದು ಹನಿ ರಕ್ತ ಬಂದರೆ ಅರಿಶಿನ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಹೇಂಟೆಯ ಪಕ್ಕೆ ಸೀಳುವುದಿಲ್ಲ.

ಮೈಮೇಲೆ ಬರುವ ಹುಂಜ

ಹುಂಜ ಒಂದು ರೆಕ್ಕೆ ಕೆಳಗೆ ಬಿಟ್ಟು ಓರೆಯಾಗಿ ನಿಮ್ಮ ಸುತ್ತ ಹೆಜ್ಜೆ ಹಾಕುತ್ತಿದೆ ಅಂದರೆ ನಿಮ್ಮನ್ನು ಪರೀಕ್ಷೆ ಮಾಡುತ್ತಿದೆ ಅಂತಲೇ ಲೆಕ್ಕ. ಆಗ ಓಡಬೇಡಿ, ಒದೆಯಲೂ ಬೇಡಿ. ಓಡಿದರೆ ಗೆದ್ದೆ ಅಂದುಕೊಳ್ಳುತ್ತದೆ, ಒದ್ದರೆ ಕಾಳಗಕ್ಕೆ ಕರೆದಿರಿ ಅಂದುಕೊಳ್ಳುತ್ತದೆ. ನಿಂತಲ್ಲೇ ನಿಂತು, ನಿಧಾನಕ್ಕೆ ಅದರ ಕಡೆಗೇ ಎರಡು ಹೆಜ್ಜೆ ಹಾಕಿ, ಅದು ಸರಿಯುವ ತನಕ ಜಾಗ ಬಿಡಬೇಡಿ. ಆಮೇಲೂ ಬಂದರೆ ಎತ್ತಿ, ರೆಕ್ಕೆ ಒತ್ತಿ ಹಿಡಿದು, ಕಂಕುಳಲ್ಲಿಟ್ಟುಕೊಂಡು ಹತ್ತು ನಿಮಿಷ ನಿಮ್ಮ ಕೆಲಸ ಮಾಡಿಕೊಂಡು ಓಡಾಡಿ. ಅದರ ಮೈ ಸಡಿಲವಾದ ಮೇಲೆ ಇಳಿಸಿ. ಒಂದೆರಡು ವಾರ ಬಿಡದೆ ಮಾಡಿದರೆ ಎಳೆಯ ಹುಂಜಗಳಲ್ಲಿ ಬಹಳಷ್ಟು ತಣ್ಣಗಾಗುತ್ತವೆ. ಹುಂಜದ ಮುಂದೆಯೇ ಹೇಂಟೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಹೇಂಟೆ ಕಿರುಚಿದರೆ ಎಂಥ ಸಾಧು ಹುಂಜವೂ ಬರುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರ ಈ ಪಳಗಿಸುವ ಕೆಲಸವೆಲ್ಲ ಬೇಡ. ಎರಡು ವರ್ಷದ ಮಗುವಿನ ಕಣ್ಣು ಹಾರಿದ ಹುಂಜದ ಮುಳ್ಳಿನ ಎತ್ತರಕ್ಕೇ ಇರುತ್ತದೆ. ಒಂದು ಸಲ ಮಗುವಿನ ಮೇಲೆ ಹಾರಿದ ಹುಂಜ ಎಷ್ಟೇ ಚೆಂದ ಇರಲಿ, ಅವತ್ತೇ ಬೇರೆ ಮಾಡಿ, ಆ ವಾರವೇ ಸಾರಿಗೆ ಹೋಗಲಿ. ಅದರ ಮರಿಗಳನ್ನೂ ಮುಂದಿನ ಹುಂಜವಾಗಿ ಇಟ್ಟುಕೊಳ್ಳಬೇಡಿ, ಈ ಗುಣ ರಕ್ತದಲ್ಲೂ ಬರುತ್ತದೆ. ಮುಳ್ಳು ಚುಚ್ಚಿದ ಗಾಯ ಮೇಲೆ ಚಿಕ್ಕದು, ಒಳಗೆ ಆಳ. ಸೋಪಿನಲ್ಲಿ ಚೆನ್ನಾಗಿ ತೊಳೆದು, ಟಿಟಿ ಇಂಜೆಕ್ಷನ್ ಬೇಕಾ ಅಂತ ಆಸ್ಪತ್ರೆಯಲ್ಲಿ ಕೇಳಿ.

ಎರಡು ಇಡಲೇಬೇಕು ಅಂದರೆ

ಹದಿನೈದು ಇಪ್ಪತ್ತು ಹೇಂಟೆ ಇದ್ದು ಜಾಗ ಇದ್ದರೆ ಎರಡು ಹುಂಜ ಇಡಬಹುದು. ಒಂದೇ ಕಾವಿನಲ್ಲಿ ಒಟ್ಟಿಗೆ ಬೆಳೆದವು, ಇಲ್ಲವೇ ಅಪ್ಪ ಮಗ ಆದರೆ ಹೊಂದಿಕೊಳ್ಳುವುದು ಜಾಸ್ತಿ. ಮೇವು ನೀರನ್ನು ಎರಡು ಕಡೆ ಇಡಿ, ಒಂದು ಕಡೆಯಿಂದ ಇನ್ನೊಂದು ಕಾಣಬಾರದು. ಸೋತದ್ದಕ್ಕೆ ಅಡಗಲು ಪೊದೆಯೋ ಸೌದೆ ರಾಶಿಯೋ ಇರಬೇಕು. ಕತ್ತಿನ ಪುಕ್ಕ ಕೆದರಿ ಎರಡು ನಿಮಿಷ ಎದುರು ಬದುರು ನಿಂತು ಒಂದು ತಿರುಗಿ ಹೋದರೆ ಬಿಟ್ಟುಬಿಡಿ. ರಕ್ತ ಬಂದರೂ ನಿಲ್ಲಿಸದಿದ್ದರೆ ಬೇರೆ ಮಾಡಲೇಬೇಕು, ಏಕೆಂದರೆ ರಕ್ತದ ಬಣ್ಣ ಕಂಡು ಉಳಿದ ಕೋಳಿಗಳೂ ಕುಕ್ಕಲು ಶುರು ಮಾಡುತ್ತವೆ. ಹಬ್ಬಕ್ಕೆ ಅಂತ ಉಳಿಸಿಕೊಂಡ ಎಳೆಯ ಹುಂಜಗಳನ್ನು ಹೇಂಟೆಗಳ ಕಣ್ಣಿಗೆ ಬೀಳದ ಕಡೆ ಒಟ್ಟಿಗೆ ಹಾಕಿಡಿ. ಹೇಂಟೆ ಇಲ್ಲದ ಕಡೆ ಅವು ಹೆಚ್ಚಾಗಿ ಜಗಳವಾಡುವುದಿಲ್ಲ.

ಕೂಗು

ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಗುವುದು ಅಂದುಕೊಂಡ ಅಜ್ಜಿಯ ಕತೆ ಎಲ್ಲರಿಗೂ ಗೊತ್ತು. ಬೆಳಕು ಕಂಡೇ ಹುಂಜ ಕೂಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಹಾಗೆ, ಅದರ ಮೈಯೊಳಗೇ ಒಂದು ಗಡಿಯಾರ ಇದೆ, ಬೆಳಕು ಬರುವ ಮುಂಚೆಯೇ ಕೂಗುತ್ತದೆ. ಹಾಗಾಗಿ ಗೂಡನ್ನು ಕತ್ತಲು ಮಾಡಿದರೆ ಕೂಗು ಪೂರ್ತಿ ನಿಲ್ಲುವುದಿಲ್ಲ. ಪಕ್ಕದ ಮನೆಯ ಕಡೆಗಿನ ಗೋಡೆ ದಪ್ಪ ಮಾಡಿ, ಗಾಳಿಯ ಕಿಂಡಿಯನ್ನು ತೋಟದ ಕಡೆಗೆ ಇಟ್ಟರೆ ಸದ್ದು ತಗ್ಗುತ್ತದೆ. ಕತ್ತಿಗೆ ಪಟ್ಟಿ ಕಟ್ಟುವುದು ಬೇಡ, ಉಸಿರು ಕಟ್ಟುತ್ತದೆ.

ಲಸಿಕೆ

ಇದನ್ನು ಬಿಟ್ಟು ಮೇಲಿನದೆಲ್ಲ ಮಾಡಿದರೂ ಪ್ರಯೋಜನ ಇಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿ, ವಾರದಲ್ಲಿ ಹಿತ್ತಲು ಖಾಲಿ. ಬಂದ ಮೇಲೆ ಔಷಧಿ ಇಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟ ಲಸಿಕೆಯ ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೇ ವಾರಕ್ಕೆ ಅದೇ ರೋಗದ ಆರ್ 2 ಬಿ ಲಸಿಕೆಯ ಇಂಜೆಕ್ಷನ್. ಬಾಟಲಿಯಲ್ಲಿ ನೂರು ಅಥವಾ ಅದಕ್ಕಿಂತ ಜಾಸ್ತಿ ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಕೇರಿಯ ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ, ಬಿಸಿಲು ಏರುವ ಮುಂಚೆ ಹಾಕಿ, ಮೈ ಹುಷಾರಿಲ್ಲದ ಕೋಳಿಗೆ ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಮಾರಬೇಡಿ, ತಿನ್ನಬೇಡಿ, ಪಶು ವೈದ್ಯರಿಗೆ ಹೇಳಿ.

ಉಳಿದ ಹುಂಜಗಳು

ಹತ್ತು ಮರಿ ಮಾಡಿಸಿದರೆ ಸುಮಾರು ಐದು ಹುಂಜ. ನಿಮಗೆ ಬೇಕಾದ್ದು ಒಂದು. ಉಳಿದ ನಾಲ್ಕನ್ನು ಏನು ಮಾಡುತ್ತೀರಿ ಅಂತ ಮೊಟ್ಟೆಯನ್ನು ಕಾವಿಗೆ ಇಡುವ ದಿನವೇ ಯೋಚಿಸಿ. ಐದಾರು ತಿಂಗಳಿಗೆ ಮಾಂಸ ಹದವಾಗಿರುತ್ತದೆ, ವರ್ಷ ದಾಟಿದರೆ ಎಷ್ಟು ಬೇಯಿಸಿದರೂ ಗಟ್ಟಿ. ನಮ್ಮ ಕಡೆ ನಾಟಿ ಹುಂಜಕ್ಕೆ ಬೇಡಿಕೆ ಏರುವುದು ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮತ್ತು ಊರ ಮಾರಿಹಬ್ಬಗಳಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಮಾರ್ಚ್ ಕೊನೆಯ ಯುಗಾದಿಗೆ ಹುಂಜ ತಯಾರಿರಬೇಕಾದರೆ ಮರಿ ಅಕ್ಟೋಬರ್ ಮೊದಲಿಗೆ ಹೊರಗೆ ಬರಬೇಕು, ಅಂದರೆ ಇಪ್ಪತ್ತೊಂದು ದಿನ ಮುಂಚೆ, ಸೆಪ್ಟೆಂಬರ್ ಎರಡನೇ ವಾರದಲ್ಲಿ ಹೇಂಟೆಯನ್ನು ಕಾವಿಗೆ ಕೂರಿಸಬೇಕು. ಮರಿ ಬರುವ ಹೊತ್ತಿಗೆ ಜಡಿಮಳೆಯೂ ಇಳಿದಿರುತ್ತದೆ. ಜೂನ್ ಜುಲೈ ಮರಿ ಮಲೆನಾಡಿನಲ್ಲಿ ಉಳಿಯುವುದು ಕಷ್ಟ.

ಸಂತೆಗೆ ಹೋದರೆ ಕೆಲವರು ಹುಂಜದ ಕಾಲು, ಕತ್ತು ಮುಟ್ಟಿ ನೋಡಿ ಜಾಸ್ತಿ ಬೆಲೆ ಹೇಳುತ್ತಾರೆ. ಕೋಳಿ ಅಂಕಕ್ಕೆ ಅಂತ ಗೊತ್ತಾದರೆ ಕೊಡಬೇಡಿ. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಅಂಗೈಯಿಂದ ರಾಗಿ ತಿಂದು ಬೆಳೆದ ಪ್ರಾಣಿಯ ಕಾಲಿಗೆ ಯಾರೋ ಕತ್ತಿ ಕಟ್ಟುತ್ತಾರೆ.

ಹುಂಜ ಬದಲಾಯಿಸುವುದು

ಎರಡು ವರ್ಷ ಆದ ಮೇಲೆ ಅದರ ಹೆಣ್ಣುಮರಿಗಳೇ ಹಿತ್ತಲ ತುಂಬ ಇರುತ್ತವೆ. ಅದೇ ಹುಂಜ ಮುಂದುವರಿದರೆ ಮೊಟ್ಟೆ ಒಡೆದು ಮರಿಯಾಗುವುದು ಕಡಿಮೆಯಾಗುತ್ತದೆ, ಮರಿ ಸಣ್ಣಗಾಗುತ್ತದೆ, ಬೆರಳು ಸೊಟ್ಟ ಬರುತ್ತದೆ. ದುಡ್ಡು ಕೊಟ್ಟು ತರಬೇಕಾಗಿಲ್ಲ. ನಿಮ್ಮ ಕೋಳಿಗಳ ಸಂತತಿ ಹೋಗಿರದ ಇನ್ನೊಂದು ಊರಿನ ನೆಂಟರ ಜೊತೆ ಹುಂಜಕ್ಕೆ ಹುಂಜ ಬದಲು ಮಾಡಿಕೊಳ್ಳಿ. ನಾವು ಬೇಲೂರಿನ ಅತ್ತೆ ಮನೆಯ ಜೊತೆ ಮಾಡಿಕೊಳ್ಳುತ್ತೇವೆ. ಕೊಡುವ ಮೊದಲು ಕಾಲಿಗೆ ಬಣ್ಣದ ದಾರ ಕಟ್ಟಿ, ಹುಟ್ಟಿದ ತಿಂಗಳು ಮತ್ತು ಹಾಕಿಸಿದ ಲಸಿಕೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ, ಅವರಿಂದಲೂ ಬರೆಸಿಕೊಳ್ಳಿ. ಬುಟ್ಟಿಯಲ್ಲಿ ಹಾಕಿ ಕಳಿಸುವುದಾದರೆ ಬೆಳಗಿನ ಬಸ್ಸೇ ಒಳ್ಳೆಯದು, ಬುಟ್ಟಿಯ ಬಾಯಿಗೆ ಒದ್ದೆ ಗೋಣಿ ಹೊದಿಸಿ, ಒಂದು ಕಡೆ ಗಾಳಿಗೆ ಬಿಟ್ಟಿರಬೇಕು.